ಹುಲಜಂತಿಯ ಕಾರಿಗೆ ಐದು ಟೈರು

ವಿಜಯಪುರ, ಇಂಡಿ, ಚಡಚಣದ ಕಡೆಯ ಓದುಗರಿಗೆ ಹುಲಜಂತಿಯನ್ನು ಪರಿಚಯಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇವೆ: ಅದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನ ಊರು. ಕಚೇರಿಯ ಕಾಗದ ಮರಾಠಿ, ಮನೆಯ ಮಾತು ಕನ್ನಡ. ಸುತ್ತ ಎರೆಮಣ್ಣಿನ ಜೋಳದ ಹೊಲ. ದೀಪಾವಳಿ ಅಮಾವಾಸ್ಯೆಗೆ ಮಾಳಿಂಗರಾಯನ ಜಾತ್ರೆ. ಪಲ್ಲಕ್ಕಿಗಳ ಭೇಟಿಯ ಹೊತ್ತಿಗೆ ಭಂಡಾರ ಹಾರಿ ಜನರೂ ನೆಲವೂ ಹಳದಿಯಾಗುತ್ತವೆ. 2023ರಲ್ಲಿ ಜಾತ್ರೆಗೆ ಒಂದು ವಾರ ಮೊದಲು ನಾವು ಅಲ್ಲಿಗೆ ಹೋದೆವು. ಹೋದದ್ದು ಒಂದು ಕಾರಿನ ಟೈರು ನೋಡಲು!

ಕಾರಿನ ಯಜಮಾನ ನಮ್ಮ ಬೋರ್ಡಿಂಗಿನಲ್ಲಿದ್ದು ಓದಿದ ಹುಡುಗ, ಈಗ ಪುಣೆಯಲ್ಲಿ ಕೆಲಸ. ಅವನಿಗೆ ಬಾಲ್ಯದಿಂದಲೂ ವೇಗದ ಕಾರಿನ ಹುಚ್ಚು. ವಿದೇಶಿ ಸ್ಪೋರ್ಟ್ಸ್ ಕಾರು ಕೊಳ್ಳುವ ಶಕ್ತಿ ಇಲ್ಲ. ಆದ್ದರಿಂದ ಹುಡುಕಿ ಹುಡುಕಿ ಒಂದು ಹಳೆಯ ಮಾರುತಿ ಝೆನ್ ಕಾರ್ಬನ್ ಕೊಂಡಿದ್ದ. ಝೆನ್ ಕಾರು 1993ರಿಂದ 2006ರವರೆಗೆ ತಯಾರಾಯಿತು. ಅದರಲ್ಲಿ ಎರಡೇ ಬಾಗಿಲಿನ ಈ ಕರಿ ಮಾದರಿಯನ್ನು 2003ರಲ್ಲಿ ಕೆಲವೇ ನೂರು ಮಾಡಿದರು. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಅವನ ತಾಯಿ ಇದಕ್ಕೆ ಕೊಟ್ಟಿರುವ ಹೆಸರು 'ಇಲಿ ಬಿಲ'.

ಜಾತ್ರೆ ಮುಗಿಸಿ ಅಪ್ಪ, ಅಮ್ಮ, ಹೆಂಡತಿ, ಎಂಟು ತಿಂಗಳ ಮಗು ಎಲ್ಲರನ್ನೂ ಕೂರಿಸಿಕೊಂಡು ಪುಣೆಗೆ ಹೋಗುವ ಯೋಚನೆ ಅವನದು. ಸೊಲ್ಲಾಪುರದಿಂದ ಪುಣೆಗೆ ಸುಮಾರು 250 ಕಿಲೋಮೀಟರ್, ಅಗಲವಾದ ಹೆದ್ದಾರಿ, ಎಲ್ಲರಿಗೂ ಅವಸರ. "ಫಾದರ್, ಟೈರ್ ಬಗ್ಗೆ ಅಪ್ಪಗೂ ನನಗೂ ಜಗಳ. ನೀವೇ ಬಂದು ತೀರ್ಮಾನ ಮಾಡ್ರಿ" ಎಂದು ಫೋನ್ ಮಾಡಿದ. ಸೆಮಿನರಿಯಲ್ಲಿ ನಮಗೆ ತತ್ವಶಾಸ್ತ್ರ ಕಲಿಸಿದರು, ದೈವಶಾಸ್ತ್ರ ಕಲಿಸಿದರು; ಟೈರಿನ ಶಾಸ್ತ್ರ ಕಲಿಸಲಿಲ್ಲ. ಅದನ್ನು ನಾವು ಕಲಿತದ್ದು ಬೇರೆ ರೀತಿಯಲ್ಲಿ.

ಹಲವು ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಮೇ ತಿಂಗಳ ಒಂದು ಮಧ್ಯಾಹ್ನ ಮದುವೆಗೆ ಹೊರಟಿದ್ದ ವ್ಯಾನಿನ ಹಿಂದಿನ ಟೈರು ಹೆದ್ದಾರಿಯಲ್ಲಿ ಸಿಡಿಯಿತು. ಆರನೆಯ ತರಗತಿಯ ಒಬ್ಬ ಹುಡುಗಿಯನ್ನು ಮಣ್ಣು ಮಾಡಿದ್ದು ನಾವೇ. ಆಕೆಯ ತಂದೆಗೆ ಮೂರು ದಿನ ಒಂದೇ ಮಾತು: "ಗ್ರಿಪ್ ಇತ್ತು ಫಾದರ್, ನಾನೇ ನೋಡಿದ್ದೆ." ನಿಜ, ಗ್ರಿಪ್ ಇತ್ತು. ಟೈರಿಗೆ ಮಾತ್ರ ಹನ್ನೊಂದು ವರ್ಷ ವಯಸ್ಸಾಗಿತ್ತು. ವಯಸ್ಸು ಟೈರಿನ ಮೇಲೆಯೇ ಬರೆದಿರುತ್ತದೆ ಎಂಬುದು ಅಂದಿನವರೆಗೆ ನಮಗೂ ಗೊತ್ತಿರಲಿಲ್ಲ.

ಹುಲಜಂತಿಯಲ್ಲಿ ಹುಡುಗನ ಅಪ್ಪ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಟೈರಿನ ಸಂದಿಗೆ ಉಗುರು ಹಾಕಿ ತೋರಿಸಿದರು. "ನೋಡ್ರಿ ಫಾದರ್, ಹ್ಯಾಂಗ ಒಳಗ ಹೋಗ್ತೈತಿ! ಇನ್ನೂ ಎರಡು ವರ್ಷ ಆರಾಮ ಓಡ್ತಾವ. ಇವಂಗ ರೊಕ್ಕ ಹೆಚ್ಚಾಗ್ಯಾವ." ನಾವು ಬಟ್ಟೆಯಿಂದ ಟೈರಿನ ಬದಿಯ ಧೂಳು ಒರೆಸಿದೆವು. ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ: 3109. ಮೊದಲೆರಡು ವಾರ, ಕೊನೆಯೆರಡು ವರ್ಷ. 2009ರ 31ನೇ ವಾರ, ಅಂದರೆ ಜುಲೈ ಕೊನೆ. ಹದಿನಾಲ್ಕು ವರ್ಷ ದಾಟಿತ್ತು. ಕಾರು ಹೆಚ್ಚು ಓಡದೆ ಶೆಡ್ಡಿನಲ್ಲಿ ನಿಂತದ್ದರಿಂದ ಗ್ರಿಪ್ ಸವೆದಿರಲಿಲ್ಲ, ಅಷ್ಟೆ. ಬಿಸಿಲು, ಗಾಳಿಯ ಆಮ್ಲಜನಕ, ಓಜೋನ್ ಇವು ನಿಂತ ಟೈರನ್ನೂ ಬಿಡುವುದಿಲ್ಲ. ರಬ್ಬರು ಗಡುಸಾಗುತ್ತದೆ, ಒಳಗಿನ ತಂತಿ ಪಟ್ಟಿಗೂ ರಬ್ಬರಿಗೂ ಇರುವ ಹಿಡಿತ ಸಡಿಲವಾಗುತ್ತದೆ. ಬದಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಐದು ವರ್ಷದ ಮೇಲೆ ಪ್ರತಿ ವರ್ಷ ತಜ್ಞರಿಗೆ ತೋರಿಸಿ, ಹತ್ತಾದರೆ ಗ್ರಿಪ್ ಇದ್ದರೂ ತೆಗೆದುಬಿಡಿ ಎನ್ನುತ್ತಾರೆ ಟೈರು ತಯಾರಿಸುವವರು.

"ಹಂಗಾದ್ರ ನಮ್ಮ ಎತ್ತಿನ ಗಾಡಿ ಟಾಯರ್ ಇಪ್ಪತ್ತು ವರ್ಷ ಆದ್ರೂ ಏನೂ ಆಗಿಲ್ಲಲ್ರಿ?" ಎಂದರು ಅಪ್ಪ. ಒಳ್ಳೆಯ ಪ್ರಶ್ನೆ. ಎತ್ತು ನಡೆಯುವ ವೇಗದಲ್ಲಿ ಟೈರು ಬಿಸಿಯಾಗುವುದಿಲ್ಲ. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಅದು ಸೆಕೆಂಡಿಗೆ ಹದಿನಾರು ಸಲ ಸುತ್ತುತ್ತದೆ, ಪ್ರತಿ ಸುತ್ತಿಗೂ ನೆಲಕ್ಕೆ ತಾಗಿ ಬಾಗಿ ಮತ್ತೆ ನೇರವಾಗುತ್ತದೆ. ಆ ಬಾಗುವಿಕೆಯೇ ಶಾಖ. ಹವಾ ಕಡಿಮೆ ಇದ್ದರೆ ಇನ್ನೂ ಹೆಚ್ಚು.

ಅಪ್ಪನ ಬಾಯಿ ಕಟ್ಟಿತೆಂದು ಮಗ ಹಿಗ್ಗಿದ. ಆದರೆ ಅವನ ಆಸೆಯೂ ನಮಗೆ ಸರಿಕಾಣಲಿಲ್ಲ. ಅವನಿಗೆ 15 ಇಂಚಿನ ಅಲಾಯ್ ರಿಮ್ಮು, 195/45 ಅಳತೆಯ ಅಗಲ ಟೈರು ಬೇಕು. ಕಾರಿನ ಮೂಲ ಅಳತೆ 145/70 ಆರ್ 13. ಇದರಲ್ಲಿ 145 ಎಂಬುದು ಮಿಲಿಮೀಟರಿನಲ್ಲಿ ಅಗಲ; ಬದಿಯ ಎತ್ತರ ಅದರ ಶೇಕಡಾ 70; 13 ಎಂಬುದು ರಿಮ್ಮಿನ ಇಂಚು. ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಮೂಲ ಟೈರಿನ ಒಟ್ಟು ಎತ್ತರ 533 ಮಿ.ಮೀ., ಅವನು ಕೇಳಿದ್ದು 556. ಮೀಟರು 80 ತೋರಿಸುವಾಗ ಗಾಡಿ 83ರ ಮೇಲೆ ಓಡುತ್ತದೆ. ಬದಿಯ ಎತ್ತರ ಮಾತ್ರ 14 ಮಿ.ಮೀ. ಕಡಿಮೆ, ಕಬ್ಬಿನ ಟ್ರಾಲಿಗಳು ತುಳಿದ ನಮ್ಮ ರಸ್ತೆಯ ಒಂದೇ ಗುಂಡಿ ಸಾಕು, ರಿಮ್ಮು ಸೊಟ್ಟ. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುವ ಭಯ ಬೇರೆ. "ನೋಡಾಕ ಛಂದ ಕಾಣ್ತೈತಲ್ರಿ" ಎಂದ. ಛಂದ ಕಾಣುತ್ತದೆ, ಅದನ್ನು ನಾವೂ ಒಪ್ಪುತ್ತೇವೆ. ಹಿಂದೆ ಮಗು ಕೂರುವುದಿಲ್ಲವಾಗಿದ್ದರೆ ಇಷ್ಟು ವಾದಿಸುತ್ತಲೂ ಇರಲಿಲ್ಲ.

ಕೊನೆಗೆ ಇದ್ದ ರಿಮ್ಮಿಗೇ 155/65 ಆರ್ 13 ಹಾಕುವುದೆಂದಾಯಿತು. ಎತ್ತರದ ವ್ಯತ್ಯಾಸ ಒಂದೂವರೆ ಮಿಲಿಮೀಟರ್, ಹಿಡಿತಕ್ಕೆ ತುಸು ಹೆಚ್ಚು ಅಗಲ. ಹಿಂದಿನ ಆಲ್ಟೊ ಕೆ10ಕ್ಕೂ ಇದೇ ಅಳತೆಯಾದ್ದರಿಂದ ಹುಡುಕಿ ಅಲೆಯಬೇಕಿಲ್ಲ. ಮೇಲೆ 73 ಟಿ ಎಂದಿರಬೇಕು: ಒಂದೊಂದು ಟೈರು 365 ಕಿಲೋ ಹೊರುತ್ತದೆ, ಗಂಟೆಗೆ 190 ಕಿಲೋಮೀಟರಿನವರೆಗೆ ತಾಳುತ್ತದೆ.

ಸೊಲ್ಲಾಪುರದ ಮೊದಲ ಅಂಗಡಿಯವನು ಒಳ್ಳೆಯ ರಿಯಾಯಿತಿ ಹೇಳಿದ. ಅಂಕಿ ನೋಡಿದರೆ ಮೂರು ವರ್ಷದ ಹಿಂದಿನ ಮಾಲು. "ಬಳಸಿಲ್ಲ, ಹೊಸದೇ" ಎಂದು ಅವನ ವಾದ. ಎರಡನೆಯ ಅಂಗಡಿಯಲ್ಲಿ ಅದೇ ವರ್ಷದ ಮಾಲು ಸಿಕ್ಕಿತು. ಅಪ್ಪ ಬೆಲೆ ಕೇಳಿ ಮನಸ್ಸಿನಲ್ಲೇ ಜೋಳದ ಚೀಲಗಳ ಲೆಕ್ಕ ಹಾಕಿ, "ಎರಡ ಹಾಕಸ್ರಿ, ಮುಂದಿನವು" ಎಂದರು. ಎರಡೇ ಕೊಳ್ಳುವವರು ಹೊಸದನ್ನು ಹಿಂದಕ್ಕೆ ಹಾಕಿಸಬೇಕು. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಗರಗರ ತಿರುಗುತ್ತದೆ. ಇಲ್ಲಿ ಆ ಮಾತೇ ಇರಲಿಲ್ಲ, ನಾಲ್ಕೂ ಒಂದೇ ವಯಸ್ಸಿನವು.

ಎಲ್ಲ ಮುಗಿಯಿತು ಎನ್ನುವಾಗ ಸ್ಟೆಪ್ನಿಯ ನೆನಪಾಯಿತು. ಡಿಕ್ಕಿ ತೆಗೆದರೆ ಕಾರಿನ ಜೊತೆಗೇ ಬಂದಿದ್ದ ಟೈರು, ಒಮ್ಮೆಯೂ ನೆಲ ಮುಟ್ಟಿಲ್ಲ. ಅಚ್ಚಿನಿಂದ ಬಂದ ರಬ್ಬರಿನ ಎಳೆಗಳು ಎಳೆಗೂಸಿನ ಕೂದಲಿನಂತೆ ಹಾಗೇ ಇವೆ. ಅಂಕಿ ಓದಿದೆವು: 2003. ಅಪ್ಪ ತಲೆಯ ಮೇಲೆ ಕೈ ಹೊತ್ತರು. ಐದನೆಯದನ್ನೂ ಕೊಂಡೆವು.

ಹಳೆಯವನ್ನು ಅಂಗಡಿಯವನು ಹಣ ಕೊಟ್ಟು ಇಟ್ಟುಕೊಳ್ಳುತ್ತೇನೆಂದ. ಬೇಡವೆಂದೆವು, ಗ್ರಿಪ್ ಇರುವ ಟೈರು ಮಾರುವವನಿಗೆ ಗಿರಾಕಿ ಸಿಕ್ಕೇ ಸಿಗುತ್ತಾನೆ. ಈಗ ನಾಲ್ಕು ಟೈರು ಅವರ ಕಣಿಕಿ ಬಣವಿಯ ತಾಡಪತ್ರಿಯ ಮೇಲೆ ಭಾರಕ್ಕೆ ಕೂತಿವೆ. ಐದನೆಯದು ಬೇವಿನ ಮರದಲ್ಲಿ ಮೊಮ್ಮಗನ ಜೋಕಾಲಿಗೆ ಕಾಯುತ್ತಿದೆ.

ಜಾತ್ರೆಯ ಮರುದಿನ, ಬೆಳಗಿನ ತಂಪಿನಲ್ಲಿ ಹವಾ ನೋಡಿಕೊಂಡು, ಭಂಡಾರ ಮೆತ್ತಿದ ಕರಿ ಕಾರು ಹೊರಟಿತು. ಸಂಜೆ "ಮುಟ್ಟಿದೆವ್ರಿ" ಎಂದು ಸಂದೇಶ ಬಂತು. ಹದಿನೈದು ದಿನ ಬಿಟ್ಟು ಅಪ್ಪನ ಫೋನ್. "ಫಾದರ್, ನಮ್ಮೂರ ಸಾಲಿ ಹುಡುಗರು ಹೋಗೋ ಜೀಪಿನ ಟಾಯರ್ ನೋಡಾಕ ಹತ್ತೀನ್ರಿ. ಮೂರರಾಗ ಆ ಅಂಕಿ ಸಿಕ್ಕಾವ, ಒಂದರಾಗ ಕಾಣವಲ್ದು."

ಒಳಮಗ್ಗಲಿಗೆ ಇರಬಹುದು, ಕೆಳಗೆ ತೂರಿ ನೋಡಬೇಕು ಎಂದೆವು. "ತಡೀರಿ, ಬ್ಯಾಟರಿ ತರ್ತೀನಿ" ಎಂದು ಫೋನ್ ಇಟ್ಟರು.