ಹೊಳೆಗೆ ಮೈಲಿಗೆ ಮಾಡಿದವರು ಯಾರು?

ಕನ್ನಡದಲ್ಲಿ ಹೊಳೆ ಎಂದರೆ ನದಿ. ಹೊಲೆ ಎಂದರೆ ಮೈಲಿಗೆ. ನಡುವೆ ಇರುವುದು ಒಂದೇ ಅಕ್ಷರದ ಅಂತರ. ಆ ಅಂತರವನ್ನು ಕಾಯಲು ಈ ನಾಡು ತಲೆಮಾರುಗಟ್ಟಲೆ ಕೋಲು ಹಿಡಿದು ನಿಂತಿತ್ತು. ನಮ್ಮ ನೆರಳು ಬಿದ್ದರೆ ನೀರು ಕೆಡುತ್ತದೆ ಅಂದರು. ನಮ್ಮ ಕೈ ಸೋಕಿದರೆ ಬಾವಿ ತೊಳೆಸಬೇಕು ಅಂದರು. ದನ ಇಳಿಯುವ ಕಡೆ ನಾವು ಇಳಿಯಬಾರದು ಅಂದರು. ಇವತ್ತು ನಮ್ಮ ಸೀಮೆಯ ಹೊಳೆಯ ದಂಡೆಗೆ ಬಂದು ನೋಡಿ. ನೀರು ಕಪ್ಪಗಿದೆ, ಮೇಲೆ ನೊರೆ ಕಟ್ಟಿದೆ, ಮೂಗು ಮುಚ್ಚದೆ ನಿಲ್ಲೋಕಾಗಲ್ಲ. ಹೇಳಿ ಗೆಳೆಯರೇ, ಈ ನೀರನ್ನು ಮುಟ್ಟಿದವರು ಯಾರು?

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಹೊಳೆಯ ಹೆಸರು ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಸುಮಾರು 190 ಕಿಲೋಮೀಟರಿನ ದಾರಿ. ಅದೇ ಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆಯ ಸೀಮೆ ದಾಟಿ ತಮಿಳುನಾಡಿಗೆ ಹೋಗುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕಿಗೂ ಹೊಳೆಯ ನಂಟು ಇದೆ.

ಆದರೂ ಬಿ.ಎ. ಓದುವಾಗ ತುಂಗೆಯ ದಡದಿಂದ ಬಂದಿದ್ದ ಗೆಳೆಯನೊಬ್ಬ ನಮ್ಮೂರಿಗೆ ಬಂದು ಕೇಳಿದ್ದ: 'ಅಲ್ಲ ಮಾರಾಯ, ಹೊಳೆ ಹೊಳೆ ಅಂತೀಯಲ್ಲ, ಎಲ್ಲಿದೆ ನಿನ್ನ ಹೊಳೆ?' ಅವನ ತಪ್ಪಲ್ಲ. ನಮ್ಮ ಬಯಲುಸೀಮೆಯ ಹೊಳೆ ಮಲೆನಾಡಿನ ಹೊಳೆಯ ಹಾಗೆ ವರ್ಷವೆಲ್ಲ ಒಂದೇ ಮೈಯಾಗಿ ಹರಿಯುವುದಿಲ್ಲ. ಅದು ಕೆರೆಯಿಂದ ಕೆರೆಗೆ ಕಾಲಿಟ್ಟು ನಡೆಯುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಇನ್ನೊಂದಕ್ಕೆ. ನಮ್ಮ ತಾತ ಹೇಳುತ್ತಿದ್ದ: 'ಕೆರೆ ಅಂದ್ರೆ ಹೊಳೆ ಕೂತ್ಕಂಡು ಸುಧಾರಿಸ್ಕಣೋ ಜಾಗ ಕಣ್ಲಾ. ಕೋಡಿ ಬಿದ್ರೆ ಮತ್ತೆ ಎದ್ದು ನಡೀತದೆ.' ಒಂದು ಕೆರೆಯ ಕಾಲುವೆ ಮುಚ್ಚಿದರೆ ಹೊಳೆಯ ಕಾಲು ಮುರಿದ ಹಾಗೆ. ಒಂದು ಕೆರೆಗೆ ವಿಷ ಬಿಟ್ಟರೆ ಅದರ ಕೆಳಗಿನ ಕೆರೆಗಳಿಗೆಲ್ಲ ಬಿಟ್ಟ ಹಾಗೆ.

ತಾತ ಈ ಮಾತನ್ನು ಪುಸ್ತಕ ಓದಿ ಹೇಳಿದ್ದಲ್ಲ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅವನು ನಮ್ಮೂರ ನೀರುಗಂಟಿ. ಈ ಸೀಮೆಯ ಎಷ್ಟೋ ಊರುಗಳಲ್ಲಿ ನೀರುಗಂಟಿ ಎಂದರೆ ನಮ್ಮ ಕೇರಿಯವನೇ. ತೂಬು ಎತ್ತುವವನು ಅವನು, ಇಳಿಸುವವನು ಅವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಬರದ ವರ್ಷ ಯಾವ ಗದ್ದೆ ಬೀಡು ಬಿಡಬೇಕು ಅಂತ ಲೆಕ್ಕ ಇಟ್ಟವನು ಅವನು. ರಾತ್ರಿ ಮಳೆ ಹುಯ್ದರೆ ಊರೆಲ್ಲ ಕಂಬಳಿ ಹೊದ್ದು ಮಲಗಿದ್ದಾಗ ಕಂದೀಲು ಹಿಡಿದು ಏರಿ ಮೇಲೆ ನಡೆಯುವವನು ಅವನು. ಏರಿಯಲ್ಲಿ ಇಲಿ ಬಿಲ ತೋಡಿದ್ದು ಅವನ ಕಾಲಿಗೆ ಗೊತ್ತಾಗುತ್ತಿತ್ತು. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಆಯ ಇಸ್ಕೊಳ್ಳುವುದು ಅವನ ಸಂಬಳ.

ಇಡೀ ಊರಿಗೆ ನೀರು ಹಂಚಿದ ಆ ಕೈ ಊರ ಬಾವಿಯ ಹಗ್ಗ ಹಿಡಿಯುವಂತಿರಲಿಲ್ಲ. ಅವ್ವ ಹೇಳುತ್ತಾಳೆ: ಬೇಸಿಗೆಯಲ್ಲಿ ನಮ್ಮಜ್ಜಿ ಬಿಂದಿಗೆ ಇಟ್ಟುಕೊಂಡು ಬಾವಿಯಿಂದ ಹತ್ತು ಮಾರು ದೂರ ನಿಲ್ಲುತ್ತಿದ್ದಳಂತೆ. ಮನಸ್ಸು ಬಂದವರು ಮೇಲಿಂದ ಹುಯ್ಯುತ್ತಿದ್ದರಂತೆ. ಮನಸ್ಸು ಬರದ ದಿನ ಬಿಂದಿಗೆ ಖಾಲಿ. ಗದ್ದೆಗೆ ಹರಿಸುವಾಗ ಮೈಲಿಗೆ ಇಲ್ಲ, ಗಂಟಲಿಗೆ ಇಳಿಯುವಾಗ ಮಾತ್ರ ಮೈಲಿಗೆ! ನಮ್ಮ ಬೆವರು ಬೆರೆತ ನೀರಲ್ಲಿ ಬೆಳೆದ ಭತ್ತ ದೇವರ ನೈವೇದ್ಯಕ್ಕೆ ಆಗುತ್ತಿತ್ತು. ಜಾತಿಯ ಗಣಿತ ಯಾವಾಗಲೂ ಹೀಗೆಯೇ. ದುಡಿಮೆಗೆ ಮೈಲಿಗೆ ಇಲ್ಲ, ದುಡಿದವನಿಗೆ ಇದೆ.

ಈ ಗಣಿತವನ್ನು ಮುರಿಯಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದರು. ಸಾವಿರಾರು ಜನ ಅವರ ಹಿಂದೆ ನಡೆದರು, ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ಅಷ್ಟಕ್ಕೇ ಕೆರೆ ಕೆಟ್ಟಿತು ಅಂತ ಸವರ್ಣೀಯರು 108 ಕೊಡಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ತಂದು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ನೀರಿಗೆ ಸಗಣಿ ಸುರಿದರೆ ಶುದ್ಧಿ, ಮನುಷ್ಯನ ಬೊಗಸೆ ಸೋಕಿದರೆ ಅಶುದ್ಧಿ! ಆ ಕೆರೆಯ ನೀರಿನ ಹಕ್ಕಿಗೆ ಬಾಬಾಸಾಹೇಬರು ಕೋರ್ಟಿನಲ್ಲಿ ಹತ್ತು ವರ್ಷ ಬಡಿದಾಡಿದರು. 1937ರಲ್ಲಿ ಬೊಂಬಾಯಿ ಹೈಕೋರ್ಟು ನಮ್ಮ ಕಡೆಗೆ ತೀರ್ಪು ಕೊಟ್ಟಿತು. ಮುಂದೆ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಂಬ ಮಾತುಗಳು ಬಂದು ಕುಳಿತವು. ಆ ಮಾತುಗಳನ್ನು ಓದುವಾಗೆಲ್ಲ ನನಗೆ ಅಜ್ಜಿಯ ಖಾಲಿ ಬಿಂದಿಗೆ ಕಾಣುತ್ತದೆ.

ಸರಿ, ಹಕ್ಕು ಬಂತು. ಆದರೆ ಹಕ್ಕು ನಮ್ಮ ಕೈಗೆ ಬರುವ ಹೊತ್ತಿಗೆ ನೀರಿಗೆ ಏನಾಯಿತು?

ಮೊದಲು ಪಟ್ಟಣ ಬಂತು. 1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೆಸರಘಟ್ಟದಲ್ಲಿ ಅರ್ಕಾವತಿಯನ್ನು ತಡೆದು ಬೆಂಗಳೂರಿಗೆ ಕೊಳವೆಯಲ್ಲಿ ನೀರು ಒಯ್ಯುವ ಏರ್ಪಾಡಾಯಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. 1974ರಲ್ಲಿ ಕಾವೇರಿ ನೀರು ಬರುವವರೆಗೂ ಆ ಮಹಾನಗರದ ಬಾಯಾರಿಕೆಯನ್ನು ಹೆಚ್ಚಾಗಿ ತಣಿಸಿದ್ದು ನಮ್ಮ ಈ ಬಡಹೊಳೆ. ಊರು ಊರಿನ ನೀರು ಬೆಂಗಳೂರಿನ ನಲ್ಲಿಯಲ್ಲಿ ಬರುತ್ತಿದ್ದಾಗ ಅದೇ ಹೊಳೆಯ ಮಗ್ಗುಲ ಕೇರಿಗಳಲ್ಲಿ ಬಿಂದಿಗೆಗಳು ಹತ್ತು ಮಾರು ದೂರ ನಿಂತಿದ್ದವು.

ಆಮೇಲೆ ಹೊಳೆ ಬತ್ತಿತು. ಮಳೆ ಹೋಯಿತು, ಕಲಿಗಾಲ ಬಂತು ಅಂತ ಕಟ್ಟೆ ಮೇಲೆ ಕೂತು ಹೇಳುವವರಿದ್ದಾರೆ. ಮಳೆಯ ಮೇಲೆ ಹಾಕಿದರೆ ಯಾರ ಮೇಲೂ ಹಾಕಿದ ಹಾಗಾಗುವುದಿಲ್ಲವಲ್ಲ! ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಹೊಳೆ ಬತ್ತಿದ್ದಕ್ಕೆ ಮಳೆ ಮುಖ್ಯ ಕಾರಣವಲ್ಲ. ಕೊಳವೆಬಾವಿಗಳಿಂದ ಅಂತರ್ಜಲವನ್ನು ಬಗೆದದ್ದು, ಬಯಲೆಲ್ಲ ನೀಲಗಿರಿ ನೆಟ್ಟದ್ದು ದೊಡ್ಡ ಕಾರಣಗಳು. ನೆಲದೊಳಗಿನ ನೀರು ಮೇಲೆದ್ದು ಹಳ್ಳಕ್ಕೆ ಜಿನುಗುತ್ತಿದ್ದರೆ ಮಾತ್ರ ಬೇಸಿಗೆಯಲ್ಲಿ ಹೊಳೆಗೆ ಉಸಿರು. ಸಾವಿರ ಅಡಿ ಕೊರೆದು ಹೀರಿದ ಮೇಲೆ ಎಲ್ಲಿಯ ಜಿನುಗು? ಸಾವಿರ ಅಡಿ ಕೊರೆಸಲು ದುಡ್ಡು ಇದ್ದವರು ಯಾರು ಎಂಬುದನ್ನು ನಾನು ಹೇಳಬೇಕಾಗಿಲ್ಲ. ತಾತ ತೂಬಿನಲ್ಲಿ ಎಲ್ಲರಿಗೂ ಅಳೆದು ಕೊಟ್ಟ ನೀರನ್ನು, ಮೋಟಾರು ಉಳ್ಳವರು ನೆಲದಡಿಯಿಂದ ಅಳತೆಯಿಲ್ಲದೆ ಎತ್ತಿಕೊಂಡರು. ನೀಲಗಿರಿಯ ಕತೆಯೂ ಅಷ್ಟೆ. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿ ಕಿತ್ತು ಬಂಡೆದ್ದಿದ್ದರು. ಸರ್ಕಾರ ಹೊಸದಾಗಿ ನೆಡಬಾರದು ಅಂತ ಹೇಳಿದ್ದು 2017ರಲ್ಲಿ. ನಡುವೆ ಮೂವತ್ತನಾಲ್ಕು ವರ್ಷ ಬೇರುಗಳು ಕುಡಿಯುತ್ತಲೇ ಇದ್ದವು.

ಬತ್ತಿದ ಹೊಳೆಗೆ ಕಡೆಗೆ ಬಂದದ್ದು ಕೊಳಚೆ. 1970ರ ದಶಕದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮನುಷ್ಯ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ನಮ್ಮ ಜನರ ತಲೆಯಿಂದ ಆ ಬುಟ್ಟಿ ಇಳಿಸಿದ ಆ ದೊಡ್ಡ ಕೆಲಸವನ್ನು ನಾವು ಮರೆಯಬಾರದು. ಆದರೆ ಪಟ್ಟಣಗಳು ಮಾಡಿದ್ದೇನು? ಇಳಿಸಿದ ಬುಟ್ಟಿಯನ್ನು ಹೊಳೆಯ ತಲೆಯ ಮೇಲೆ ಇಟ್ಟವು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಕೆಳಗೆ ಹೋಗಿ ಅರ್ಕಾವತಿಗೇ ಸೇರುತ್ತದೆ. ದಕ್ಷಿಣ ಪಿನಾಕಿನಿ ಗಡಿ ದಾಟಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಗೆ ಹೋಗಿ ನೊರೆ ಕಾರುತ್ತದೆ. ತಿಪ್ಪಗೊಂಡನಹಳ್ಳಿಯ ನೀರು ಕೆಟ್ಟು 2012ರಲ್ಲಿ ಅಲ್ಲಿಂದ ಬೆಂಗಳೂರಿಗೆ ಎತ್ತುವುದನ್ನೇ ನಿಲ್ಲಿಸಿದರು. ಪಟ್ಟಣ ನೀರು ತಗೊಂಡು ಕೊಳಚೆ ಕೊಟ್ಟಿತು, ಕೊಳಚೆ ತನ್ನ ಬಾಯಿಗೇ ಬಂದಾಗ ಕಾವೇರಿಯ ಕಡೆ ತಿರುಗಿ ಕೂತಿತು. ತಿರುಗಿ ಕೂರಲು ನಮಗೆ ಇನ್ನೊಂದು ಹೊಳೆ ಎಲ್ಲಿದೆ?

ನಮ್ಮ ತಾಲ್ಲೂಕಿನಲ್ಲೇ ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನ ಬೀದಿಗಿಳಿದರು. ದೊಡ್ಡಬಳ್ಳಾಪುರದ ಒಳಚರಂಡಿ ನೀರು, ಬಾಶೆಟ್ಟಿಹಳ್ಳಿ ಕಡೆಯ ಕೈಗಾರಿಕೆಗಳ ತ್ಯಾಜ್ಯ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಬೀಳುವುದು ನಿಲ್ಲಲಿ ಅಂತ ಧರಣಿ ಕೂತರು. ಅವರು ಕೇಳಿದ್ದು ಭಿಕ್ಷೆಯಲ್ಲ. ನೀರನ್ನು ಕೆಡಿಸುವುದು ಅಪರಾಧ ಅಂತ ಈ ದೇಶ ಕಾನೂನು ಮಾಡಿದ್ದು 1974ರಲ್ಲಿ. ದಲಿತ ಮುಟ್ಟಿದ ನೀರಿಗೆ ದಂಡ ಹಾಕಲು ಊರ ಪಂಚಾಯ್ತಿಗೆ ಒಂದು ಸಂಜೆ ಸಾಕಾಗುತ್ತಿತ್ತು. ವಿಷ ಬಿಟ್ಟವನಿಗೆ ದಂಡ ಹಾಕಲು ಐವತ್ತು ವರ್ಷದ ಕಾನೂನಿಗೆ ಯಾಕೆ ಕೈ ನಡುಗುತ್ತದೆ?

2022ರ ಮಳೆಗೆ ನಮ್ಮೂರ ಕೆರೆ ಎಷ್ಟೋ ವರ್ಷದ ಮೇಲೆ ಕೋಡಿ ಬಿತ್ತು. ಊರಿಗೆ ಹಬ್ಬ. ಪುರೋಹಿತರು ಬಂದರು, ಮುಖಂಡರು ಬಂದರು, ಶಾಮಿಯಾನ ಹಾಕಿ ಗಂಗೆಗೆ ಬಾಗಿನ ಬಿಟ್ಟರು. ನಮ್ಮ ಕೇರಿಯವರು ತಮಟೆ ಬಡಿದರು. ಬಾಗಿನದ ಮೊರ ಮುಟ್ಟಲು ಕರೆಯಲಿಲ್ಲ. ಹೂವು ಕುಂಕುಮದ ಕೆಳಗೆ ನೀರು ಹಸಿರುಗಟ್ಟಿತ್ತು. ಆ ಸಂಜೆ ಅವ್ವ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು, ಎಂದಿನಂತೆ ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಸಾಲಿನಲ್ಲಿ ನಿಂತು, ಐದು ರೂಪಾಯಿ ಬಿಲ್ಲೆ ಹಾಕಿ ನೀರು ತಂದಳು. ಆ ಸಾಲಿನಲ್ಲಿ ಎಲ್ಲ ಜಾತಿಯವರೂ ಇದ್ದರು. ಮಿಷನ್ನು ಯಾರ ಜಾತಿಯನ್ನೂ ಕೇಳುವುದಿಲ್ಲ, ಬಿಲ್ಲೆ ಕೇಳುತ್ತದೆ. ಕೆರೆ ತುಂಬಿದರೂ ಕುಡಿಯಲು ಕಾಸು ಕೊಡಬೇಕಾದ ಊರು ನಮ್ಮದು. 'ಗಂಗಮ್ಮನ್ನ ಪೂಜೆ ಮಾಡೋರು ಒಂದು ಲೋಟ ಕುಡುದ್ ತೋರುಸ್ಲಿ ನೋಡಾನ' ಅಂದಳು ಅವ್ವ.

ಜಗತ್ತಿನಲ್ಲಿ ನದಿಗಳಿಗೆ ಈಗ ಒಳ್ಳೆ ಹೆಸರು ಬಂದಿದೆ. 2005ರಿಂದ ಪ್ರತಿ ಸೆಪ್ಟೆಂಬರಿನ ನಾಲ್ಕನೇ ಭಾನುವಾರ ವಿಶ್ವ ನದಿ ದಿನ. ನ್ಯೂಜಿಲೆಂಡಿನಲ್ಲಿ 2017ರಲ್ಲಿ ವಾಂಗನುಯಿ ಎಂಬ ನದಿಗೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನ ಕೊಟ್ಟರು. ಅದೇ ವರ್ಷ ನಮ್ಮ ಉತ್ತರಾಖಂಡ ಹೈಕೋರ್ಟು ಗಂಗೆ, ಯಮುನೆಯರೂ ವ್ಯಕ್ತಿಗಳು ಅಂದಿತು. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಈ ಎರಡರಲ್ಲಿ ಒಂದು ವ್ಯತ್ಯಾಸವಿದೆ, ಗಮನಿಸಿ. ವಾಂಗನುಯಿಯ ಕಾನೂನು ಆ ನದಿಯ ದಡದಲ್ಲಿ ತಲೆತಲಾಂತರದಿಂದ ಬದುಕಿದ ಮಾವೊರಿ ಜನ ನೂರಕ್ಕೂ ಹೆಚ್ಚು ವರ್ಷ ಹೋರಾಡಿ ಪಡೆದದ್ದು. ನದಿಯ ಪರವಾಗಿ ಮಾತಾಡುವ ಇಬ್ಬರಲ್ಲಿ ಒಬ್ಬರನ್ನು ಆ ಜನರೇ ಆರಿಸುತ್ತಾರೆ, ಇನ್ನೊಬ್ಬರನ್ನು ಸರ್ಕಾರ. ಗಂಗೆಯ ವಿಷಯದಲ್ಲಿ ಕೋರ್ಟು ಪಾಲಕರನ್ನಾಗಿ ಹೆಸರಿಸಿದ್ದು ಅಧಿಕಾರಿಗಳನ್ನು. ದೋಣಿ ನಡೆಸುವವನಿಗೆ, ಬಟ್ಟೆ ಒಗೆಯುವವನಿಗೆ, ಹೆಣ ಸುಡುವವನಿಗೆ ಅಲ್ಲಿ ಜಾಗವಿರಲಿಲ್ಲ.

ನನ್ನ ಪ್ರಶ್ನೆ ಇದೇ. ಹೊಳೆ ಉಳಿಸಿ ಅಂತ ಕೂಗುವುದು ಸುಲಭ. ಹೊಳೆಯ ಪರವಾಗಿ ತೀರ್ಮಾನ ಮಾಡುವವರು ಯಾರು? ತಾತನ ನೀರುಗಂಟಿತನ ವಾಪಸ್ಸು ಬರಲಿ ಅಂತ ನಾನು ಕೇಳುತ್ತಿಲ್ಲ. 1961ರ ಗ್ರಾಮ ಚಾಕರಿಗಳ ರದ್ದು ಕಾಯ್ದೆ ಆ ವಂಶಪಾರಂಪರ್ಯದ ಚಾಕರಿಯನ್ನು ಕಾಗದದ ಮೇಲೆ ಮುಗಿಸಿತು, ಊರು ಅದನ್ನು ಇನ್ನೂ ಎಷ್ಟೋ ವರ್ಷ ಮಾಡಿಸಿಕೊಂಡಿತು. ಹೋಗಲಿ, ಆ ಚಾಕರಿ ಸಾಯಲೇಬೇಕಿತ್ತು. ಆದರೆ ಚಾಕರಿಯ ಜೊತೆ ಆ ತಿಳಿವಳಿಕೆಯನ್ನೂ ಗುಂಡಿಗೆ ಹಾಕಿದರು. ನಮಗೆ ಬೇಕಾಗಿರುವುದು ತೂಬಿನ ಚಾಕರಿಯಲ್ಲ, ತೂಬಿನ ಅಧಿಕಾರ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಊರಿನ ಗ್ರಾಮನಕ್ಷೆ ತೆಗೆಸಿ. ಅದರಲ್ಲಿ ಹಳ್ಳ, ಕಾಲುವೆ, ಕೋಡಿ ಎಲ್ಲ ಗೆರೆ ಎಳೆದಿರುತ್ತದೆ. ಮಕ್ಕಳನ್ನು ಕರಕೊಂಡು ಆ ಗೆರೆಯ ಮೇಲೆ ನಡೆಯಿರಿ. ಎಲ್ಲಿ ಲೇಔಟು ಎದ್ದಿದೆ, ಯಾವ ಕಡೆಯಿಂದ ಕೊಳವೆ ಬಂದು ಕೆರೆಗೆ ಬಾಯಿ ಬಿಟ್ಟಿದೆ ಅಂತ ಮಕ್ಕಳೇ ಬರೆದುಕೊಳ್ಳಲಿ. ವಿದ್ಯಾರ್ಥಿ ಗೆಳೆಯರೇ, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಿಮ್ಮ ಕೆರೆಯ ನೀರನ್ನು ಯಾವಾಗ ಪರೀಕ್ಷೆ ಮಾಡಿದಿರಿ, ಏನು ಸಿಕ್ಕಿತು ಅಂತ ಕೇಳಿ. ಸಂಘಟನೆಯ ಸಂಗಾತಿಗಳೇ, ಕೆರೆಯ ಸಮಿತಿ ಆಗುವಾಗ ಅಚ್ಚುಕಟ್ಟಿನಲ್ಲಿ ಜಮೀನು ಇದ್ದವರು ಮಾತ್ರ ಕೂರುವುದನ್ನು ಒಪ್ಪಬೇಡಿ. ಜಮೀನು ಇಲ್ಲದವನಿಗೂ ಬಾಯಾರಿಕೆ ಇದೆ. ಹಳೇ ನೀರುಗಂಟಿಗಳು ಯಾರಾದರೂ ಬದುಕಿದ್ದರೆ ಅವರ ಹತ್ತಿರ ಕೂತು ಕೇಳಿ ಬರೆದುಕೊಳ್ಳಿ. ಆ ಮುದುಕರು ಸತ್ತರೆ ಈ ಸೀಮೆಯ ನೀರಿನ ಗ್ರಂಥಾಲಯ ಸುಟ್ಟ ಹಾಗೆ.

ನಾನು ಕವಿತೆ ಬರೆಯುವವನು. ನದಿಯನ್ನು ತಾಯಿ ಅಂತ, ದೇವಿ ಅಂತ, ಹೆಣ್ಣು ಅಂತ ಹಾಡಿದ ಪದ್ಯಗಳನ್ನು ಪಠ್ಯದಲ್ಲಿ ಓದಿ ಪಾಸಾಗಿದ್ದೇನೆ. ನನ್ನ ಕೈಯಲ್ಲಿ ಹಾಗೆ ಬರೆಯಲು ಆಗುತ್ತಿಲ್ಲ. ದೇವಿ ಅಂದವರೇ ಅವಳ ಬಾಯಿಗೆ ಕೊಳಚೆ ಬಿಟ್ಟರು. ನಾವು ಅವಳನ್ನು ದೇವಿ ಅನ್ನಲಿಲ್ಲ, ಮುಟ್ಟಲು ಬಿಡಿ ಅಂತ ಮಾತ್ರ ಕೇಳಿದೆವು. ಈಗ ಇನ್ನೊಂದು ಮಾತು ಸೇರಿಸುತ್ತಿದ್ದೇವೆ: ಮುಟ್ಟುವ ಹಾಗೆ ಇಡಿ. ಯಾವ ಕೇರಿಯ ಮಗುವಾದರೂ ಬೊಗಸೆ ತುಂಬಿ ಕುಡಿದು ಆರೋಗ್ಯವಾಗಿ ಮನೆಗೆ ಹೋಗುವಂಥ ನೀರು ಹರಿಯುವ ದಿನ ಮಹಾಡ್ ಮುಗಿಯುತ್ತದೆ. ಅಲ್ಲಿಯವರೆಗೆ ಅದು ನಡೆಯುತ್ತಲೇ ಇದೆ.