ಸುಗ್ಗಿ ಗದ್ದಲದಾಗ ಪ್ರಾರ್ಥನಿ ಹೆಂಗ ಉಳಿಸ್ಕೊಳ್ಳೋದು?

ಗೊಳಸಂಗಿ ಕಡೆ ತೊಗರಿ ಹೂವಿಗೆ ಬಂದದ, ಕಡ್ಲಿ ಎದ್ದು ನಿಂತದ, ಬಿಳಿಜೋಳಕ್ಕ ಎಡೆ ಹೊಡಿಯೋದು ನಡದದ. ಈ ಸಲ ಔಷಧ, ಗೊಬ್ಬರದ ಲೆಕ್ಕ ಬರೆಯೋದಿಲ್ಲ. ಪಕ್ಕದ ಹೊಲದ ಕಾಕಾರು ಮೊನ್ನೆ ಒಂದು ಮಾತು ಕೇಳಿದ್ರು: "ತಮ್ಮಾ, ರಾತ್ರಿ ನೀರು ಹಾಯಿಸ್ತಿ, ಹಗಲು ಎಡೆ ಹೊಡಿತಿ. ನಿಮ್ಮ ಪ್ರಾರ್ಥನಿ ಯಾವಾಗ ಮಾಡ್ತಿ?" ಒಳ್ಳೆ ಪ್ರಶ್ನೆ. ಲಿಂಗಪೂಜಿ ಹಿಡಿದವರಿಗೂ ನಮಾಜು ಹಿಡಿದವರಿಗೂ ಕೆಲಸದ ದಿನಗಳಲ್ಲಿ ಇದೇ ತ್ರಾಸು ಇರ್ತದ. ಅದಕ್ಕ ನಾನು ಏನು ಮಾಡ್ತೀನಿ ಅನ್ನೋದನ್ನ ಎಲ್ಲರಿಗೂ ಸೇರಿಸೇ ಬರೀತೀನಿ.

ನಮ್ಮ ಮನಿ ಕ್ರೈಸ್ತ ಮನಿ. ನಮ್ಮ ಮುತ್ತಜ್ಜ ಗುಳೇದಗುಡ್ಡದಾಗ ಮಗ್ಗದ ಕೆಲಸ ಮಾಡಿದವರು. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡದಲ್ಲಿ ನೆಲೆ ಮಾಡಿದರು. ಮಂಗಳೂರಿನಲ್ಲಿ ನೇಕಾರಿಕೆ ನಡೆಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆಗೆದರು. ಅವರ ಕಾರ್ಖಾನೆಗಳಲ್ಲಿ ಬೆಳಗಿನ ಕೆಲಸ ಶುರು ಆಗ್ತಿದ್ದದ್ದು ಸಣ್ಣ ಪ್ರಾರ್ಥನೆಯಿಂದ. ಕೆಲಸ ಮುಗಿಸಿ, ಕೈಕಾಲು ತೊಳಕೊಂಡು, ಬಿಡುವು ಸಿಕ್ಕಾಗ ದೇವರನ್ನ ನೆನೆಯೋದಲ್ಲ. ಕೆಲಸದ ಬಾಗಿಲಲ್ಲೇ ನೆನೆಯೋದು.

ಒಕ್ಕಲುತನದ ನಾಡುಗಳಲ್ಲೆಲ್ಲ ಇದು ಹಂಗೇ ನಡೆದು ಬಂದದ. ಕಥೋಲಿಕ ಸಭೆಯವರು ಮುಂಜಾನೆ, ಮಧ್ಯಾಹ್ನ, ಸಂಜೆ, ಹಿಂಗ ದಿನಕ್ಕ ಮೂರು ಸಲ ಗಂಟೆ ಬಾರಿಸ್ತಾರ. ಫ್ರಾನ್ಸಿನ ಮಿಲೆ ಅನ್ನೋ ಚಿತ್ರಕಾರ 1857ರಿಂದ 1859ರ ಒಳಗ ಇದರ ಮ್ಯಾಲೆ ಒಂದು ಚಿತ್ರ ಬರೆದರು. ಗಂಡ ಹೆಂಡತಿ ಹೊಲದಾಗ ಆಲೂಗಡ್ಡಿ ಅಗೀತಿರ್ತಾರ. ದೂರದ ಚರ್ಚಿನ ಗಂಟೆ ಕೇಳಿದ ಕೂಡಲೆ ಅಗಿಯೋ ಸಲಕರಣಿ ನೆಲಕ್ಕ ಊರಿ, ಬುಟ್ಟಿ ಕೆಳಗಿಟ್ಟು, ತಲೆ ಬಗ್ಗಿಸಿ ನಿಂತಾರ. ಮಿಲೆ ಸ್ವತಃ ರೈತರ ಮಗ. ಗಂಟೆ ಕೇಳಿದ್ರ ಅವರ ಅಜ್ಜಿ ಹೊಲದ ಕೆಲಸ ನಿಲ್ಲಿಸಿ ಪ್ರಾರ್ಥನೆ ಮಾಡಿಸ್ತಿದ್ರಂತ, ಅದನ್ನ ನೆನೆಸಿಕೊಂಡೇ ಆ ಚಿತ್ರ ಬರೆದದ್ದು. ಮನಿಗೆ ಓಡಿ ಹೋಗಲಿಲ್ಲ, ಬಟ್ಟೆ ಬದಲಿಸಲಿಲ್ಲ. ಮಣ್ಣು ಮೆತ್ತಿದ ಕೈಲೇ ಎರಡು ನಿಮಿಷ.

ನಮ್ಮ ಹೊಲಕ್ಕ ಯಾವ ಗಂಟೆಯೂ ಕೇಳೋದಿಲ್ಲ. ಮೊಬೈಲಿನಾಗ ಅಲಾರಾಂ ಇಟ್ಟರ ಕೆಲಸದ ನಡುವೆ ಬಂದ್ ಮಾಡಿ ಮರೀತೀವಿ. ಅದಕ್ಕ ನಾನು ಪ್ರಾರ್ಥನಿಯನ್ನ ತಪ್ಪಿಸಲಾಗದ ಕೆಲಸಗಳಿಗೆ ಕಟ್ಟೀನಿ. ಮುಂಜಾನೆ ಎಮ್ಮಿ ಹಿಂಡೋದಕ್ಕ ಕೂತಾಗ ಒಂದು. ಮಧ್ಯಾಹ್ನ ಬುತ್ತಿ ಬಿಚ್ಚೋ ಮೊದಲು ಒಂದು. ಸಂಜೆ ಮನಿಮಂದಿ ಎಲ್ಲ ಕೂಡಿ ಒಂದು. ಎಮ್ಮಿ ಯಾವತ್ತೂ ರಜೆ ಕೊಡೋದಿಲ್ಲ, ಹೊಟ್ಟಿನೂ ಕೊಡೋದಿಲ್ಲ. ಹಂಗಾಗಿ ಪ್ರಾರ್ಥನಿಯೂ ತಪ್ಪೋದಿಲ್ಲ.

ಸಂಜೆ ಓದೋದಕ್ಕ ಬೈಬಲ್ಲಿನ ಕೀರ್ತನೆಗಳ ಪುಸ್ತಕ ಇಟ್ಟೀವಿ. ಒಟ್ಟು 150 ಕೀರ್ತನೆ. 119ನೆಯದು ಭಾಳ ಉದ್ದ, 176 ವಚನ. ಆದ್ರ ಅದು ಎಂಟೆಂಟು ವಚನದ 22 ತುಂಡಾಗಿ ತಾನೇ ಒಡದದ. ದಿನಕ್ಕೊಂದು ಓದಿ, ಆ ಉದ್ದದ್ದನ್ನ ತುಂಡು ಮಾಡಿ ಓದಿದ್ರ 171 ದಿನಕ್ಕ ಒಂದು ಸುತ್ತು ಮುಗೀತದ. ಮುಂಗಾರಿಗೆ ತೊಗರಿ ಬಿತ್ತಿದ ದಿನ ಶುರು ಮಾಡಿದ್ರ ಹೆಚ್ಚುಕಡಿಮೆ ತೊಗರಿ ಕೊಯ್ಯೋ ಹೊತ್ತಿಗೆ ಮುಗೀತದ ನೋಡ್ರಿ. ರಾಶಿ ನಡೆದಾಗ ಮೈ ನೆಲಕ್ಕ ಬೀಳೋವಷ್ಟು ದಣದಿರ್ತದ. ಅಂಥ ರಾತ್ರಿಗೆ 117ನೇ ಕೀರ್ತನೆ ಅದ, ಬರೇ ಎರಡೇ ವಚನ. ಕೆಲಸ ಹೆಚ್ಚಾದಾಗ ಪ್ರಾರ್ಥನಿ ಸಣ್ಣದು ಮಾಡ್ರಿ, ಬಿಡಬ್ಯಾಡ್ರಿ. ಒಂದು ದಿನ ಬಿಟ್ಟರ ಮರುದಿನ ಬಿಡೋದು ಹಗುರ ಆಗ್ತದ. ಎರಿ ಹೊಲದ ಹದ ತಪ್ಪಿಸಿದವರಿಗೆ ಇದು ಹೇಳಬೇಕಾಗಿಲ್ಲ.

ತ್ರೀಫೇಸ್ ಕರೆಂಟು ನಡುರಾತ್ರಿ ಬರೋ ಪಾಳಿಯ ಕಥಿ ನಿಮಗೆಲ್ಲ ಗೊತ್ತು. ಸ್ಟಾರ್ಟರ್ ಪೆಟ್ಟಿಗಿ ಮುಂದೆ ನಿಂತು, ಗುಂಡಿ ಒತ್ತೋ ಮೊದಲು, ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಹೇಳ್ತೀನಿ. ಅರ್ಧ ನಿಮಿಷ ಸಾಕು. ಅದರಾಗ ಕೇಳೋದು ಇವತ್ತಿನ ರೊಟ್ಟಿಯಷ್ಟೇ, ವರ್ಷದ್ದಲ್ಲ. ಆ ಅರ್ಧ ನಿಮಿಷ ನಿಂತಾಗ ಕೈ ಒದ್ದಿ ಅದಾವೋ, ಕಾಲಾಗ ಚಪ್ಪಲಿ ಅದಾವೋ, ಪೆಟ್ಟಿಗಿ ಹತ್ರ ಹುಳ ಹುಪ್ಪಡಿ ಅದಾವೋ ಅಂತ ಬ್ಯಾಟರಿ ಹಿಡಿದು ನೋಡ್ಕೊಳ್ಳೋದಕ್ಕೂ ವ್ಯಾಳೆ ಸಿಗ್ತದ. ನಿದ್ದಿಗಣ್ಣಾಗ ಅವಸರ ಮಾಡೋ ಮನುಷ್ಯಾಗ ಅದೂ ಬೇಕು.

ಇನ್ನ ಮುಖ್ಯ ಮಾತು. ಪ್ರಾರ್ಥನಿ ಮಾಡಿದ್ರ ಬೆಳಿ ಉಳೀತದೇನು ಅಂತ ಕೇಳ್ತೀರಿ. ನೇರ ಹೇಳ್ತೀನಿ. ಒಂದು ವರ್ಷ ಕಾಯಿ ಕಟ್ಟೋ ಹೊತ್ತಿಗೆ ನಮ್ಮ ತೊಗರಿಗೆ ನೆಟೆ ರೋಗ ಬಿತ್ತು. ನಿಂತ ಗಿಡ ನಿಂತಂಗೇ ಒಣಗಿತು. ನಾವು ದಿನಾ ಪ್ರಾರ್ಥನಿ ಮಾಡ್ತಿದ್ವಿ, ಆದ್ರೂ ಬೆಳಿ ಹೋತು. ಕೈಗಡದ ಗಡುವು ಹತ್ರ ಬಂದಿತ್ತು. ನಮ್ಮ ಮನಿಯಾಗ ಸಂಜಿ ಪ್ರಾರ್ಥನಿಗೆ ಕೂತಾಗ ಒಬ್ಬೊಬ್ಬರೂ ತಮ್ಮ ಮನಸ್ಸಿನ ಒಂದು ಭಾರ ಬಾಯಿಬಿಟ್ಟು ಹೇಳೋ ರೂಢಿ. ಮಗಳು ಪರೀಕ್ಷೆ ಅಂದಳು, ಅವ್ವ ಮೊಣಕಾಲು ನೋವು ಅಂದಳು. ನನ್ನ ಪಾಳಿ ಬಂತು. ಸಾಲ ಎಷ್ಟು, ಬಡ್ಡಿ ಎಷ್ಟು, ಹೊಲದಾಗ ಎಷ್ಟು ಉಳದದ, ಎಲ್ಲಾ ದೇವರಿಗೆ ಹೇಳಿದೆ. ಆಮೆನ್ ಅಂದ ಮ್ಯಾಲೆ ಅವ್ವ ಅಂದಳು: "ದೇವರಿಗೂ ಗೊತ್ತಾತು, ನಮಗೂ ಗೊತ್ತಾತು. ಪೆನ್ನು ಹಾಳಿ ತಗೋ, ಲೆಕ್ಕ ಹಾಕೂಣು."

ಒಂದು ಎಮ್ಮಿ ಮಾರಿದ್ವಿ. ಕೊಟ್ಟವರ ಹತ್ರ ಹೋಗಿ ಗಡುವು ಕೇಳಿದ್ವಿ, ನಾನೂ ನನ್ನ ಹೆಂಡತಿಯೂ ಕೂಡೇ ಹೋಗಿದ್ವಿ. ಸಾಲ ತೀರೋದಕ್ಕ ಎರಡು ಹಂಗಾಮು ಹಿಡೀತು. ಆದ್ರ ಆ ಭಾರ ಒಬ್ಬನ ಎದಿ ಮ್ಯಾಲೆ ಒಂದು ರಾತ್ರಿನೂ ಕೂತಿರಲಿಲ್ಲ. ಸಾಲ ಮನಿಯವರಿಂದ ಮುಚ್ಚಿಟ್ಟು ಒಳಗೊಳಗೇ ಬೆಂದು ಹೋದವರನ್ನ ನಾವೆಲ್ಲ ಕಂಡೀವಿ. ಹೆಸರು ಬ್ಯಾಡ. ಅಂಥ ಮಾತು ಆಡೋದಕ್ಕ ಮೊದಲೇ ಒಂದು ಜಾಗ, ಒಂದು ಹೊತ್ತು ರೂಢಿ ಇರಬೇಕು. ತ್ರಾಸು ಬಂದ ಮ್ಯಾಲೆ ಹುಡುಕೋಕ್ಕ ಹೋದ್ರ ನಾಲಿಗೆ ಏಳೋದಿಲ್ಲ.

ಬಸವಣ್ಣನವರು ಹುಟ್ಟಿದ ಬಾಗೇವಾಡಿ ಸೀಮಿಯವರು ನಾವು. ಕಾಯಕದ ಪಾಠ ನಮಗ ಹೊಸದಲ್ಲ. ನಿಮ್ಮ ನಿಮ್ಮ ಮನಿಯ ಪೂಜಿ, ನಮಾಜು ಯಾವುದೇ ಇರಲಿ, ಸಂಜಿಗೆ ಹತ್ತು ನಿಮಿಷ ಮನಿಮಂದಿ ಎಲ್ಲ ಕೂಡಿ ಕೂಡ್ರಿ. ಟಿವಿ, ಮೊಬೈಲು ಬಂದ್ ಇರಲಿ. ಮನಸ್ಸಿನಾಗ ಇರೋದನ್ನ ಒಂದೊಂದು ಮಾತು ಎಲ್ಲರೂ ಹೇಳ್ರಿ.

ಮುಂದಿನ ವಾರ ಕಡ್ಲಿ ಕುಡಿ ಚಿವುಟೋದರ ಬಗ್ಗೆ ಬರೀತೀನಿ.