ಬಣ್ಣದ ಊರಿನ ಬಿಳಿಯ ಧೂಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರು ಸಾಗಿದರೆ ಚನ್ನಪಟ್ಟಣ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದ ಅವಸರದ ಪ್ರಯಾಣಿಕರಿಗೆ ಅದು ಕಾಣಸಿಗುವುದಿಲ್ಲ. ನಾವು ಬೇಕೆಂದೇ ಹಳೆಯ ದಾರಿಯನ್ನು ಹಿಡಿದೆವು. ಮಗುವಿಗೊಂದು ಗಿಲಕಿ ಕೊಳ್ಳುವುದು ನೆವ. ಟಿಪ್ಪು ಸುಲ್ತಾನನ ಕಾಲದಲ್ಲಿ ಬೇರೂರಿತೆಂದು ಪ್ರತೀತಿಯಿರುವ ಆ ಕಸುಬನ್ನು ಕಣ್ಣಾರೆ ಕಾಣುವುದು ನಿಜವಾದ ಆಸೆ.

ಅಂಗಡಿಯವರು ತೋರಿಸಿದ ಮನೆಯ ಮುಂಗೋಣೆಯೇ ಕಾರ್ಖಾನೆ. ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಬಣ್ಣವಲ್ಲ, ಬಿಳುಪು. ನೆಲ, ಗೋಡೆ, ಕಿಟಕಿಯ ಸರಳು, ಕೆಲಸಗಾರರ ಹುಬ್ಬು ಎಲ್ಲದರ ಮೇಲೂ ಹಿಟ್ಟು ಜರಡಿ ಹಿಡಿದಂತೆ ಮರದ ಪುಡಿ. ಇಲ್ಲಿಯ ಗೊಂಬೆಗಳಾಗುವ ಆಲೆಮರ ದಂತದಂತೆ ಬಿಳಿ. ಅದರ ಧೂಳೂ ಬಿಳಿ.

ಲೇತಿನಲ್ಲಿ ಗಿರ್ರನೆ ತಿರುಗುತ್ತಿದ್ದ ತುಂಡಿಗೆ ಉಳಿ ತಾಕಿದೊಡನೆ ಹೊಟ್ಟು ಸುರುಳಿಸುರುಳಿಯಾಗಿ ಹಾರಿತು. ಮರಳುಕಾಗದ ಹಿಡಿದಾಗ ಸುರುಳಿ ನಿಂತು, ಹೊಗೆಯಂತಹ ನವಿರಾದ ಧೂಳೆದ್ದಿತು. ಬಳಿಕ ಹಳದಿ ಅರಗಿನ ಕಡ್ಡಿಯನ್ನು ಒತ್ತಿದರು; ಉಜ್ಜುವಿಕೆಯ ಕಾವಿಗೇ ಅರಗು ಕರಗಿ ಮರವನ್ನು ತಬ್ಬಿತು. ತಾಳೆಗರಿಯಿಂದ ತಿಕ್ಕಿದಾಗ ಬಂದ ಹೊಳಪನ್ನು ಏನೆಂದು ಬಣ್ಣಿಸಲಿ!

“ಈ ಹೊಟ್ಟನ್ನೆಲ್ಲ ಏನು ಮಾಡುತ್ತೀರಿ?” ಎಂದೆ.

“ಯಾವುದೂ ಹಾಳಾಗುವುದಿಲ್ಲ ಸ್ವಾಮಿ. ಚೂರುಗಳು ಒಲೆಗೆ, ಸುರುಳಿ ಹೊಟ್ಟು ಗೊಂಬೆ ತುಂಬುವ ಪೆಟ್ಟಿಗೆಗೆ, ಪುಡಿ ನೀರೊಲೆಗೆ” ಎಂದರು ಹಿರಿಯರು.

ನಮ್ಮ ಹಿರಿಯರ ಮನೆಯ ಹೊಟ್ಟಿನ ಒಲೆ ನೆನಪಾಯಿತು. ತಗಡಿನ ಡಬ್ಬದ ನಡುವೆ ಕೋಲು ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಕೋಲನ್ನು ಮೆಲ್ಲನೆ ಎಳೆದು, ಬುಡದ ಕಂಡಿಯಲ್ಲಿ ಬೆಂಕಿಯಿಟ್ಟರೆ ಗಂಟೆಗಟ್ಟಲೆ ಉರಿಯುತ್ತಿತ್ತು.

ಕಿಟಕಿಯ ಬಿಸಿಲುಕೋಲಿನಲ್ಲಿ ಧೂಳಿನ್ನೂ ತೇಲುತ್ತಿತ್ತು. ಅದನ್ನು ತೋರಿಸಿ, “ಇದು?” ಎಂದೆ.

ಅವರು ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಸರಿಪಡಿಸಿಕೊಂಡರು. “ಇದನ್ನು ಕೊಳ್ಳುವವರಿಲ್ಲ ಸ್ವಾಮಿ. ಇದು ನಮಗೇ ಉಳಿಯುತ್ತದೆ.”

ಆ ಮಾತು ನಾಟಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮರದ ಧೂಳನ್ನು ಮಾನವರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮೂಗಿನ ಒಳಭಾಗಕ್ಕೇ ಹೆಚ್ಚು ಅಪಾಯ. ಕಣ್ಣಿಗೆ ಕಾಣುವ ಹೊಟ್ಟು ನೆಲಕ್ಕೆ ಬೀಳುತ್ತದೆ. ಕಾಣದ ಕಣ ಉಸಿರಿನೊಡನೆ ಎದೆಗಿಳಿಯುತ್ತದೆ. ತೆಳುಬಟ್ಟೆ ಅದನ್ನು ತಡೆಯದು. ಒಣ ಪೊರಕೆಯಿಂದ ಗುಡಿಸಿದರೆ ಕುಳಿತ ಧೂಳು ಮತ್ತೆ ಏಳುತ್ತದೆ. ಗಾಳಿಯಲ್ಲಿ ದಟ್ಟವಾಗಿ ತೇಲುವಾಗ ಒಂದು ಕಿಡಿ ತಾಕಿದರೆ ಭಗ್ಗನೆ ಹೊತ್ತಿಕೊಳ್ಳಲೂಬಹುದು. ಪರಿಹಾರ ಇಲ್ಲದಿಲ್ಲ: ಧೂಳು ಹುಟ್ಟುವ ಜಾಗದಲ್ಲೇ, ಲೇತಿನ ಪಕ್ಕದಲ್ಲೇ, ಅದನ್ನು ಸೆಳೆದುಕೊಳ್ಳುವ ಯಂತ್ರ, ಮುಖಕ್ಕೆ ಬಿಗಿಯಾಗಿ ಕೂರುವ ಮುಸುಕು, ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸ. ಮೊದಲನೆಯದಕ್ಕೆ ಹಣ ಬೇಕು. ದಿನದ ದುಡಿಮೆಯಲ್ಲಿ ಸಂಸಾರ ತೂಗಿಸುವವರ ಮುಂಗೋಣೆಗೆ ಅದು ತಾನಾಗಿ ಬಾರದು.

ಗಿಲಕಿಯ ಬೆಲೆ ಹೇಳಿದರು. ಚೌಕಾಶಿಗೆಂದು ಸಿದ್ಧಳಾಗಿ ಬಂದಿದ್ದ ನನ್ನಾಕೆ ಮಾತಾಡದೆ ಹಣ ಎಣಿಸಿದಳು. ಮಗು ಕೈಗೆ ಬಂದೊಡನೆ ಅದನ್ನು ಬಾಯಿಗಿಟ್ಟುಕೊಂಡಿತು.

“ಕಚ್ಚಲಿ ಬಿಡಿ ತಾಯಿ, ಅರಿಸಿನದ ಬಣ್ಣ, ಏನೂ ಆಗುವುದಿಲ್ಲ” ಎಂದು ಹಿರಿಯರು ನಕ್ಕು, ಮತ್ತೆ ಲೇತಿನ ಮುಂದೆ ಕುಳಿತರು.

ನಮ್ಮ ಮಗುವಿನ ಬಾಯಿಯ ಬಗ್ಗೆ ಅವರು ಇಷ್ಟು ಯೋಚಿಸಿದ್ದಾರೆ. ಅವರ ಉಸಿರಿನ ಬಗ್ಗೆ ಕೊಳ್ಳುವ ನಾವು ಯೋಚಿಸಬೇಡವೇ?